ಮೂವತ್ತೊಂಬತ್ತು ಅಂಕಿಗಳ ಒಂದು ಸಂಖ್ಯೆಯ ಚರಿತ್ರೆ

ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ, ಈ ಸೀಮೆಯ ಶಾಸನಗಳನ್ನೋ ಕನ್ನಡ ಶಾಲೆಗಳ ಅಳಿವು ಉಳಿವನ್ನೋ ಕುರಿತು ನಾವು ಬರೆಯುವೆವೆಂದು ಅವರು ಭಾವಿಸಿದ್ದಿರಬೇಕು. ಅವುಗಳನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ನಡುವೆ ಇದ್ದಾರೆ. ನಾವು ಗಡಿಯ ಈಚೆಯ ಕನ್ನಡ ಶಾಲೆಗಳಲ್ಲಿ ಚರಿತ್ರೆಯನ್ನೂ, ಅಧ್ಯಾಪಕರ ಕೊರತೆಯಿದ್ದ ವರ್ಷಗಳಲ್ಲಿ ಗಣಿತವನ್ನೂ ಹೇಳಿದವರು. ಆ ವೃತ್ತಿಯಲ್ಲಿ ನಮಗೊಂದು ಬಾಕಿ ಉಳಿದಿದೆ. ಅದನ್ನು ತೀರಿಸಲು ಈ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇವೆ.

ಎಂಟನೆಯ ತರಗತಿಯಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠ ನಡೆಯುತ್ತಿದ್ದ ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾವುದು ಸಾರ್? ಅದು ಅವಿಭಾಜ್ಯವೆಂದು ಗೊತ್ತು ಮಾಡಿದವರು ಯಾರು?” ಎಂದು ಕೇಳಿದನು. ನಮಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಬದಲು, “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದುಬಿಟ್ಟೆವು. ಹುಡುಗನು ಕುಳಿತನು, ಮತ್ತೆ ಆ ವರ್ಷ ಏನನ್ನೂ ಕೇಳಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ, ಅದರ ಉತ್ತರವು ಎರಡು ಸಾವಿರ ವರ್ಷಗಳ ಒಂದು ಚರಿತ್ರೆಯೇ ಆಗಿದೆಯೆಂಬುದು ತಿಳಿಯಿತು. ಆ ಚರಿತ್ರೆಯ ನಡುವೆ ಒಂದು ಸಂಖ್ಯೆ ನಿಂತಿದೆ:

170141183460469231731687303715884105727

ಎರಡನ್ನು 127 ಸಲ ಗುಣಿಸಿ, ಬಂದುದರಿಂದ ಒಂದನ್ನು ಕಳೆದರೆ ದೊರೆಯುವ ಸಂಖ್ಯೆ ಇದು. 1876ರಿಂದ 1951ರವರೆಗೆ, ಎಂದರೆ ಎಪ್ಪತ್ತೈದು ವರ್ಷಗಳ ಕಾಲ, ಮನುಷ್ಯನಿಗೆ ತಿಳಿದ ಅವಿಭಾಜ್ಯ ಸಂಖ್ಯೆಗಳಲ್ಲಿ ಇದೇ ಅತ್ಯಂತ ದೊಡ್ಡದಾಗಿತ್ತು. ಯಂತ್ರದ ಸಹಾಯವಿಲ್ಲದೆ ಬರಿಯ ಕೈಲೆಕ್ಕದಿಂದ ಸಿದ್ಧಪಟ್ಟ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ದೊಡ್ಡದು. ಅದನ್ನು ಸಾಧಿಸಿದವನು ನಮ್ಮಂತೆಯೇ ಒಬ್ಬ ಶಾಲಾ ಅಧ್ಯಾಪಕನೆಂಬುದು ನಮಗೆ ಈ ಕಥೆಯಲ್ಲಿ ವಿಶೇಷ ಆಸಕ್ತಿ ಹುಟ್ಟಿಸಿದ ಸಂಗತಿ.

ಗ್ರೀಕರ ಪ್ರಶ್ನೆ

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡದ ಸಂಖ್ಯೆ ಅವಿಭಾಜ್ಯ. 2, 3, 5, 7, 11, 13 ಹೀಗೆ ಅವು ಸಾಗುತ್ತವೆ. ಅವುಗಳಿಗೆ ಕೊನೆಯಿಲ್ಲವೆಂಬುದನ್ನು ಯೂಕ್ಲಿಡನು ಕ್ರಿಸ್ತಪೂರ್ವ 300ರ ಸುಮಾರಿಗೆ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಸಾಧಿಸಿ ತೋರಿಸಿದನು. ಆದುದರಿಂದ ನಮ್ಮ ಹುಡುಗನ ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ ಇಷ್ಟೇ: ಎಲ್ಲಕ್ಕಿಂತ ದೊಡ್ಡದೆಂಬುದು ಇಲ್ಲ, ಇರುವುದು ನಮಗೆ ಇದುವರೆಗೆ ತಿಳಿದಿರುವ ದೊಡ್ಡದು ಮಾತ್ರ.

ಅದೇ ಭಾಗದಲ್ಲಿ ಯೂಕ್ಲಿಡನು ಪರಿಪೂರ್ಣ ಸಂಖ್ಯೆಗಳ ವಿಚಾರವನ್ನೂ ಎತ್ತಿದ್ದಾನೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಆಗುವ ಸಂಖ್ಯೆ ಪರಿಪೂರ್ಣ. 6ರ ಭಾಜಕಗಳು 1, 2, 3, ಕೂಡಿದರೆ 6. 28ರ ಭಾಜಕಗಳು 1, 2, 4, 7, 14, ಕೂಡಿದರೆ 28. ಮುಂದಿನವು 496 ಮತ್ತು 8128. ಎರಡರ ಯಾವುದಾದರೊಂದು ಘಾತದಿಂದ ಒಂದನ್ನು ಕಳೆದಾಗ ಬರುವುದು ಅವಿಭಾಜ್ಯವಾದರೆ, ಅದನ್ನು ಅದರ ಹಿಂದಿನ ಎರಡರ ಘಾತದಿಂದ ಗುಣಿಸಿದಾಗ ಪರಿಪೂರ್ಣ ಸಂಖ್ಯೆ ದೊರೆಯುವುದೆಂದು ಅವನು ಸಾಧಿಸಿದನು. 3ನ್ನು 2ರಿಂದ ಗುಣಿಸಿದರೆ 6, 7ನ್ನು 4ರಿಂದ ಗುಣಿಸಿದರೆ 28, 31ನ್ನು 16ರಿಂದ ಗುಣಿಸಿದರೆ 496. ಹೀಗೆ, ಎರಡರ ಘಾತಕ್ಕೆ ಒಂದು ಕಡಿಮೆಯಾದ ಸಂಖ್ಯೆಗಳಲ್ಲಿ ಅವಿಭಾಜ್ಯಗಳು ಯಾವುವು ಎಂಬ ಹುಡುಕಾಟ ಆರಂಭವಾಯಿತು.

ಘಾತಾಂಕವು ಅವಿಭಾಜ್ಯವಲ್ಲದಿದ್ದರೆ ಸಂಖ್ಯೆಯೂ ಅವಿಭಾಜ್ಯವಾಗದು. ಎರಡರ ಆರನೆಯ ಘಾತಕ್ಕೆ ಒಂದು ಕಡಿಮೆಯಾದ 63ನ್ನು ನೋಡಿದರೆ, 6 ಎಂಬುದು 2 ಮತ್ತು 3ರ ಗುಣಲಬ್ಧವಾದುದರಿಂದ ಅದು 3ರಿಂದಲೂ 7ರಿಂದಲೂ ಭಾಗವಾಗುತ್ತದೆ. ಘಾತಾಂಕವು ಅವಿಭಾಜ್ಯವಾದಾಗಲೆಲ್ಲ ಸಂಖ್ಯೆಯೂ ಅವಿಭಾಜ್ಯವಾಗುವುದೆಂದು ಬಹುಕಾಲ ನಂಬಿದವರುಂಟು. 1536ರಲ್ಲಿ ಹುಡಾಲ್ರಿಕಸ್ ರೇಗಿಯಸ್ ಎಂಬಾತನು 11ನೆಯ ಘಾತವನ್ನು ತೆಗೆದುಕೊಂಡು, 2047 ಎಂಬುದು 23 ಮತ್ತು 89ರ ಗುಣಲಬ್ಧವೆಂದು ತೋರಿಸಿದಾಗ ಆ ನಂಬಿಕೆ ಕುಸಿಯಿತು. ಇಟಲಿಯ ಕಟಾಲ್ಡಿಯು 1588ರಲ್ಲಿ 17 ಮತ್ತು 19ರ ಘಾತಗಳಿಂದ ಬರುವ 131071 ಮತ್ತು 524287 ಅವಿಭಾಜ್ಯಗಳೆಂದು ಒಂದೊಂದಾಗಿ ಭಾಗಿಸಿ ನೋಡಿಯೇ ಸ್ಥಾಪಿಸಿದನು. ಆದರೆ 23, 29, 31, 37 ಇವುಗಳಿಂದಲೂ ಅವಿಭಾಜ್ಯಗಳು ಬರುವುವೆಂದು ಹೇಳಿ, ನಾಲ್ಕರಲ್ಲಿ ಮೂರು ಕಡೆ ತಪ್ಪಿದನು. 23ರ ಸಂಖ್ಯೆ 47ರಿಂದಲೂ, 37ರ ಸಂಖ್ಯೆ 223ರಿಂದಲೂ ಭಾಗವಾಗುವುದನ್ನು ಫರ್ಮಾನು 1640ರಲ್ಲಿ ಕಂಡನು; 29ರ ಸಂಖ್ಯೆ 233ರಿಂದ ಭಾಗವಾಗುವುದನ್ನು ಆಯ್ಲರನು 1738ರಲ್ಲಿ ತೋರಿಸಿದನು.

ಪಾದ್ರಿಯ ಪಟ್ಟಿ

ಈ ಸಂಖ್ಯೆಗಳಿಗೆ ಇಂದು ಮೆರ್ಸೆನ್ ಸಂಖ್ಯೆಗಳೆಂದು ಹೆಸರು. ಮರಾನ್ ಮೆರ್ಸೆನ್ ಪ್ಯಾರಿಸಿನ ಮಠವೊಂದರಲ್ಲಿದ್ದ ಕ್ರೈಸ್ತ ಸನ್ಯಾಸಿ. 1588ರಲ್ಲಿ ಹುಟ್ಟಿ 1648ರಲ್ಲಿ ತೀರಿಕೊಂಡವನು. ವಿದ್ವತ್ ಪತ್ರಿಕೆಗಳು ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಫರ್ಮಾ, ದೇಕಾರ್ತ್ ಮೊದಲಾದವರ ಪತ್ರಗಳು ಅವನ ಮೂಲಕ ಒಬ್ಬರಿಂದೊಬ್ಬರಿಗೆ ಸಾಗುತ್ತಿದ್ದವು. 1644ರಲ್ಲಿ ಪ್ರಕಟಿಸಿದ ಗ್ರಂಥದ ಮುನ್ನುಡಿಯಲ್ಲಿ ಅವನು ಒಂದು ಪಟ್ಟಿ ಕೊಟ್ಟನು. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಈ ಹನ್ನೊಂದು ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆ, ಉಳಿದವು ಕೊಡುವುದಿಲ್ಲ ಎಂಬುದು ಅವನ ಹೇಳಿಕೆ. ಸಾಧನೆಯನ್ನು ಕೊಡಲಿಲ್ಲ. ಅಷ್ಟು ದೊಡ್ಡ ಸಂಖ್ಯೆಗಳನ್ನು ಪರೀಕ್ಷಿಸುವ ಮಾರ್ಗ ಅಂದು ಯಾರಲ್ಲಿಯೂ ಇರಲಿಲ್ಲ.

ಈ ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು. 67 ಮತ್ತು 257 ಸೇರಬಾರದಾಗಿತ್ತು. 61, 89, 107 ಬಿಟ್ಟುಹೋಗಿದ್ದವು. ಈ ಐದನ್ನು ತಿದ್ದಿ ಮುಗಿಸಲು ಸುಮಾರು ಮುನ್ನೂರು ವರ್ಷಗಳು ಬೇಕಾದವು. ಚರಿತ್ರೆಯ ಅಧ್ಯಾಪಕರಾದ ನಮಗೆ ಇದು ಪರಿಚಿತವಾದ ಸಂಗತಿ. ಹಿರಿಯರೊಬ್ಬರು ಬರೆದಿಟ್ಟ ವಂಶಾವಳಿಯೊಂದು ಯಾರೂ ಶಾಸನದೊಡನೆ ಹೋಲಿಸಿ ನೋಡದ ಕಾರಣ ತಲೆಮಾರುಗಳ ಕಾಲ ಪಾಠಪುಸ್ತಕದಲ್ಲಿ ಉಳಿಯುವುದುಂಟು. ಮೆರ್ಸೆನನ ಪಟ್ಟಿಯನ್ನು ಶಾಸನದೊಡನೆ ಹೋಲಿಸುವುದೆಂದರೆ ಲೆಕ್ಕ ಮಾಡುವುದೇ ಆಗಿತ್ತು. ಆ ಲೆಕ್ಕವೇ ಅಸಾಧ್ಯವೆಂಬಂತಿತ್ತು.

ಮೊದಲ ಹೆಜ್ಜೆಯನ್ನಿಟ್ಟವನು ಆಯ್ಲರ್. 31ರ ಸಂಖ್ಯೆಯಾದ 2147483647 ಅವಿಭಾಜ್ಯವೆಂದು ಅವನು 1772ರಲ್ಲಿ ತಿಳಿಸಿದನು. ಆಗ ಅವನಿಗೆ ಅರವತ್ತೈದು ವರ್ಷ. ಕಣ್ಣು ಬಹುಮಟ್ಟಿಗೆ ಕಾಣದಾಗಿತ್ತು. ಆ ಸಂಖ್ಯೆಗೆ ಭಾಜಕವೇನಾದರೂ ಇದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷವು 1 ಅಥವಾ 63 ಆಗಿರಲೇಬೇಕೆಂದು ಅವನು ಮೊದಲು ಸಾಧಿಸಿದನು. ಹಾಗಾಗಿ 46,340ರ ಒಳಗಿನ ಆ ಬಗೆಯ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕಾಯಿತು. ಬುದ್ಧಿಯಿಂದ ಕೆಲಸವನ್ನು ಮೊಟಕುಗೊಳಿಸಿದ ಮೇಲೆಯೂ ಉಳಿದದ್ದು ಭಾಗಾಕಾರವೇ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ತನ್ನ ಸಂಖ್ಯಾಶಾಸ್ತ್ರದ ಗ್ರಂಥದಲ್ಲಿ, ಆಯ್ಲರನ ಸಂಖ್ಯೆಯಿಂದ ಬಂದ ಪರಿಪೂರ್ಣ ಸಂಖ್ಯೆಯೇ ಎಂದೆಂದಿಗೂ ಕಂಡುಹಿಡಿಯಲಾಗುವ ಅತಿ ದೊಡ್ಡ ಪರಿಪೂರ್ಣ ಸಂಖ್ಯೆಯಾಗಿ ಉಳಿಯುವುದೆಂದು ಬರೆದನು. ಅವನು ಕೊಟ್ಟ ಕಾರಣ ಗಮನಾರ್ಹ: ಇಂಥವು ಕುತೂಹಲದ ವಸ್ತುಗಳೇ ಹೊರತು ಉಪಯೋಗಕ್ಕೆ ಬಾರದುವು, ಆದುದರಿಂದ ಮುಂದೆ ಹುಡುಕುವ ಶ್ರಮವನ್ನು ಯಾರೂ ವಹಿಸಲಾರರು ಎಂಬುದು. ಇದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ಹಿಂದಿನ ಸಾಲಿನ ಹುಡುಗನಿಗೆ ನಾವು ಹೇಳಿದ್ದೂ ಇದನ್ನೇ ಅಲ್ಲವೆ?

ಅಧ್ಯಾಪಕ ಲ್ಯೂಕಾ

ಎದುವಾರ್ ಲ್ಯೂಕಾ 1842ರಲ್ಲಿ ಫ್ರಾನ್ಸಿನ ಅಮಿಯಾಂನಲ್ಲಿ ಹುಟ್ಟಿದನು. ಕೆಲಕಾಲ ಪ್ಯಾರಿಸಿನ ಖಗೋಳ ವೀಕ್ಷಣಾಲಯದಲ್ಲಿದ್ದು, 1870ರ ಪ್ರಷ್ಯಾ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಸೇವೆ ಸಲ್ಲಿಸಿ, ಯುದ್ಧ ಮುಗಿದ ಮೇಲೆ ಮೂಲಾಂ ಎಂಬ ಚಿಕ್ಕ ಪಟ್ಟಣದ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕನಾದನು. ಮುಂದೆ ಪ್ಯಾರಿಸಿನ ಶಾಲೆಗಳಲ್ಲಿಯೂ ಪಾಠ ಹೇಳಿದನು. ಮಕ್ಕಳು ಆಡುವ ಹನೋಯಿ ಗೋಪುರವೆಂಬ ಬಿಲ್ಲೆಗಳ ಆಟವನ್ನು 1883ರಲ್ಲಿ ಹೊರತಂದವನೂ ಇವನೇ. ಎಷ್ಟು ಬಿಲ್ಲೆಗಳಿವೆಯೋ ಎರಡರ ಅಷ್ಟನೆಯ ಘಾತಕ್ಕೆ ಒಂದು ಕಡಿಮೆಯಷ್ಟು ನಡೆಗಳು ಆ ಆಟಕ್ಕೆ ಬೇಕು. ಎಂದರೆ ಆಟದಲ್ಲಿಯೂ ಅವನು ಇದೇ ಸಂಖ್ಯೆಗಳನ್ನು ಬಿಟ್ಟವನಲ್ಲ.

127ರ ಸಂಖ್ಯೆಯ ಭಾಜಕಗಳು 254ರಿಂದ ಭಾಗಿಸಿದಾಗ 1 ಉಳಿಯುವಂಥವೇ ಆಗಿರಬೇಕು. ಆ ಬಗೆಯವನ್ನು ಮಾತ್ರ ಆರಿಸಿ ಸೆಕೆಂಡಿಗೊಂದರಂತೆ ಭಾಗಿಸುತ್ತ ಹೋದರೂ ನೂರೈವತ್ತು ಕೋಟಿ ವರ್ಷಗಳಲ್ಲಿಯೂ ಕೆಲಸ ಮುಗಿಯದು. ಲ್ಯೂಕಾ ಭಾಗಿಸುವ ದಾರಿಯನ್ನೇ ಬಿಟ್ಟನು. ಭಾಜಕವನ್ನು ಹುಡುಕದೆಯೇ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ತಿಳಿಯುವ ಪರೀಕ್ಷೆಯನ್ನು ಅವನು ಕಂಡುಕೊಂಡನು.

ಪರೀಕ್ಷೆಯ ಸಾಧನೆ ಕಠಿಣ, ಪ್ರಯೋಗ ಸುಲಭ. 3ರಿಂದ ಆರಂಭಿಸಿ, ವರ್ಗ ಮಾಡಿ 2ನ್ನು ಕಳೆಯಬೇಕು. ಬಂದುದನ್ನು ಮತ್ತೆ ವರ್ಗ ಮಾಡಿ 2ನ್ನು ಕಳೆಯಬೇಕು. ಪರೀಕ್ಷಿಸುತ್ತಿರುವ ಸಂಖ್ಯೆಯನ್ನು ಮೀರಿದಾಗಲೆಲ್ಲ ಅದರಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಆಗದಿದ್ದರೆ ಅಲ್ಲ. ನಾಲ್ಕರಿಂದ ಭಾಗಿಸಿದಾಗ 3 ಉಳಿಯುವ ಅವಿಭಾಜ್ಯ ಘಾತಾಂಕಗಳಿಗೆ ಈ ರೂಪ ಸಲ್ಲುತ್ತದೆ, 127 ಅಂಥದೊಂದು.

ಏಳನೆಯ ಘಾತದಿಂದ ಬರುವ 127 ಎಂಬ ಪುಟ್ಟ ಸಂಖ್ಯೆಯನ್ನೇ ಪರೀಕ್ಷಿಸೋಣ. ಐದು ಹೆಜ್ಜೆಗಳು ಬೇಕು. 3ರ ವರ್ಗ 9, ಎರಡು ಕಳೆದರೆ 7. ಏಳರ ವರ್ಗ 49, ಎರಡು ಕಳೆದರೆ 47. ಅದರ ವರ್ಗ 2209, ಎರಡು ಕಳೆದರೆ 2207. 127ರಿಂದ ಭಾಗಿಸಿದರೆ ಶೇಷ 48. ಅದರ ವರ್ಗ 2304, ಎರಡು ಕಳೆದರೆ 2302, ಶೇಷ 16. ಅದರ ವರ್ಗ 256, ಎರಡು ಕಳೆದರೆ 254. ಇದು 127ರ ಎರಡರಷ್ಟು, ಶೇಷ ಸೊನ್ನೆ. ಆದುದರಿಂದ 127 ಅವಿಭಾಜ್ಯ. ಈಗ ರೇಗಿಯಸನ 2047ನ್ನು ಇದೇ ಒರೆಗಲ್ಲಿಗೆ ಹಚ್ಚಿದರೆ 3, 7, 47, 160, 1034, 620, 1609, 1471 ಎಂದು ಶೇಷಗಳು ಬಂದು, ಎಂಟನೆಯ ಹೆಜ್ಜೆಯಲ್ಲಿ ಮತ್ತೆ 160 ಬರುತ್ತದೆ. ಬಂದ ದಾರಿಯಲ್ಲೇ ಸುತ್ತುವ ಗಾಣದ ಎತ್ತಿನಂತೆ ಅದು ಇನ್ನೆಂದಿಗೂ ಸೊನ್ನೆಯನ್ನು ಮುಟ್ಟದು. 23 ಮತ್ತು 89ರ ಹೆಸರನ್ನೇ ಎತ್ತದೆ 2047 ಅವಿಭಾಜ್ಯವಲ್ಲವೆಂದು ಇಲ್ಲಿ ತೀರ್ಮಾನವಾಗುತ್ತದೆ.

ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಗೆ ಇಂಥ 125 ಹೆಜ್ಜೆಗಳು ಬೇಕು. ಕೊನೆಕೊನೆಗೆ ಪ್ರತಿ ಹೆಜ್ಜೆಯಲ್ಲಿಯೂ ಮೂವತ್ತೊಂಬತ್ತು ಅಂಕಿಗಳ ವರ್ಗ, ಆಮೇಲೆ ಭಾಗಾಕಾರ. ಲ್ಯೂಕಾ ಇದಕ್ಕೂ ಒಂದು ಉಪಾಯ ಮಾಡಿದನು. ಸಂಖ್ಯೆಯನ್ನು ಒಂದು ಮತ್ತು ಸೊನ್ನೆಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು ಸಾಲಾಗಿ 127 ಒಂದುಗಳು ಮಾತ್ರ. ಅದರಿಂದ ಭಾಗಿಸುವಾಗ, 127 ಸ್ಥಾನಗಳನ್ನು ಮೀರಿ ಎಡಕ್ಕೆ ಹೋದ ಅಂಕಿಗಳನ್ನು ಹಿಂದಕ್ಕೆ ತಂದು ಬಲತುದಿಯಿಂದ ಕೂಡಿದರೆ ಸಾಕು, ಭಾಗಾಕಾರವೆಂಬುದೇ ಬೇಡ. ಚದುರಂಗದ ಮಣೆಯಂತೆ ಪ್ರತಿ ಸಾಲಿಗೆ 127 ಮನೆಗಳನ್ನು ಮಾಡಿ ಕಾಯಿಗಳನ್ನಿಟ್ಟು ಸರಿಸುವ ಕ್ರಮವನ್ನು ಅವನು ವಿವರಿಸಿದ್ದಾನೆ. 1876ರಲ್ಲಿ ಅವನು ಫಲವನ್ನು ಪ್ರಕಟಿಸಿದನು: ಮೆರ್ಸೆನ್ 127ರ ವಿಷಯದಲ್ಲಿ ಹೇಳಿದ್ದು ಸರಿ. ಅದೇ ವರ್ಷ ಇನ್ನೊಂದನ್ನೂ ತಿಳಿಸಿದನು: 67ರ ಸಂಖ್ಯೆ ಅವಿಭಾಜ್ಯವಲ್ಲ, ಮೆರ್ಸೆನ್ ಅಲ್ಲಿ ತಪ್ಪಿದ್ದಾನೆ.

ಲ್ಯೂಕಾ ಬಹುಕಾಲ ಬಾಳಲಿಲ್ಲ. 1891ರಲ್ಲಿ ಔತಣಕೂಟವೊಂದರಲ್ಲಿ ಒಡೆದ ತಟ್ಟೆಯ ಚೂರು ಕೆನ್ನೆಗೆ ತಗುಲಿ, ಗಾಯ ವಿಷವೇರಿ, ಕೆಲವೇ ದಿನಗಳಲ್ಲಿ ತೀರಿಕೊಂಡನು. ಆಗ ಅವನಿಗೆ ನಲವತ್ತೊಂಬತ್ತು ವರ್ಷ. ಅವನ ಪರೀಕ್ಷೆಯನ್ನು ಅಮೆರಿಕದ ಡಿ. ಎಚ್. ಲೆಹ್ಮರ್ 1930ರಲ್ಲಿ ಎಲ್ಲ ಬೆಸ ಅವಿಭಾಜ್ಯ ಘಾತಾಂಕಗಳಿಗೂ ಸಲ್ಲುವಂತೆ ತಿದ್ದಿ, 3ರ ಬದಲು 4ರಿಂದ ಆರಂಭಿಸುವ ರೂಪವನ್ನು ಕೊಟ್ಟನು. ಇಬ್ಬರ ಹೆಸರಿನಲ್ಲಿಯೂ ಅದು ಇಂದು ಚಲಾವಣೆಯಲ್ಲಿದೆ.

ಲಘು ಗುರುಗಳ ನಂಟು

ಇಷ್ಟರಲ್ಲಿ ನಮ್ಮವರು ಎಲ್ಲಿ ಎಂದು ಓದುಗರು ಕೇಳಬಹುದು. ಇಲ್ಲದ ನಂಟನ್ನು ಕಟ್ಟುವುದು ಅಭಿಮಾನವಾದೀತೇ ಹೊರತು ಚರಿತ್ರೆಯಾಗದು. ಮೆರ್ಸೆನ್ ಅವಿಭಾಜ್ಯಗಳನ್ನು ನಮ್ಮ ಪ್ರಾಚೀನರು ಹುಡುಕಿದವರಲ್ಲ. ಆದರೆ ಇರುವ ನಂಟನ್ನು ಮರೆಯುವುದೂ ಸಲ್ಲದು.

ಪಿಂಗಳನ ಛಂದಶ್ಶಾಸ್ತ್ರದಲ್ಲಿ ಪ್ರಸ್ತಾರವೆಂಬುದೊಂದಿದೆ. ಒಂದು ಪಾದದಲ್ಲಿ ಇಷ್ಟು ಅಕ್ಷರಗಳಿದ್ದರೆ ಲಘು ಗುರುಗಳ ವಿನ್ಯಾಸಗಳು ಎಷ್ಟು? ಒಂದಕ್ಷರಕ್ಕೆ ಎರಡು, ಎರಡಕ್ಷರಕ್ಕೆ ನಾಲ್ಕು, ಮೂರಕ್ಷರಕ್ಕೆ ಎಂಟು. ಈ ಎಂಟೇ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಅಕ್ಷರಗಣಗಳು. 127 ಅಕ್ಷರಗಳ ಪಾದವೊಂದನ್ನು ಕಲ್ಪಿಸಿಕೊಂಡರೆ, ಎಲ್ಲವೂ ಲಘುವಾದ ಒಂದು ವಿನ್ಯಾಸವನ್ನು ಬಿಟ್ಟು ಉಳಿದ ವಿನ್ಯಾಸಗಳ ಎಣಿಕೆಯೇ ಲ್ಯೂಕಾನ ಸಂಖ್ಯೆ. ಎರಡರ ಘಾತವನ್ನು ಬೇಗ ಪಡೆಯಲು ಪಿಂಗಳನು ಹೇಳಿದ ಕ್ರಮವೂ ಸ್ಮರಣೀಯ: ಘಾತಾಂಕ ಸಮವಾದರೆ ಅರ್ಧಮಾಡು, ಬೆಸವಾದರೆ ಒಂದನ್ನು ಕಳೆ, ಬಳಿಕ ಹಿಂದಿರುಗುತ್ತ ಅರ್ಧಮಾಡಿದ ಕಡೆ ವರ್ಗ, ಒಂದು ಕಳೆದ ಕಡೆ ಇಮ್ಮಡಿ. ಹೀಗೆ ಮಾಡಿದರೆ 127ನೆಯ ಘಾತಕ್ಕೆ ಹದಿಮೂರೇ ಹೆಜ್ಜೆಗಳು ಸಾಕು. ದೊಡ್ಡ ಘಾತಗಳನ್ನು ಲೆಕ್ಕಹಾಕುವಾಗ ಇಂದಿನ ಗಣಕಯಂತ್ರಗಳು ನಡೆಯುವ ದಾರಿಯೂ ಇದೇ.

ಮಾತ್ರಾವೃತ್ತಗಳ ಎಣಿಕೆಯಿಂದ ಬರುವ 1, 2, 3, 5, 8, 13 ಎಂಬ ಸರಣಿಯನ್ನು ವಿರಹಾಂಕನೂ, ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರನೂ ವಿವರಿಸಿದ್ದರು. ಹಿಂದಿನ ಎರಡನ್ನು ಕೂಡಿ ಮುಂದಿನದನ್ನು ಪಡೆಯುವ ಸರಣಿ ಇದು. ಇಟಲಿಯ ಫಿಬೊನಾಚಿಯ ಹೆಸರನ್ನು ಇದಕ್ಕೆ ಅಂಟಿಸಿದವನು ಇದೇ ಲ್ಯೂಕಾ. ಅವನ ಪರೀಕ್ಷೆ ಹುಟ್ಟಿದ್ದು ಈ ಸರಣಿಯ ಗುಣಗಳಿಂದಲೇ. ಮೇಲೆ ನಾವು ಬಳಸಿದ 3, 7, 47 ಎಂಬುವು ಅದೇ ಕೂಡುವ ನಿಯಮವನ್ನು ಅನುಸರಿಸುವ 1, 3, 4, 7, 11, 18, 29, 47 ಎಂಬ ಸೋದರ ಸರಣಿಯಲ್ಲಿ ಎರಡನೆಯ, ನಾಲ್ಕನೆಯ, ಎಂಟನೆಯ ಸ್ಥಾನದಲ್ಲಿರುವ ಸಂಖ್ಯೆಗಳು.

ಮಾನ್ಯಖೇಟದ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ, ಕ್ರಿ.ಶ. 850ರ ಸುಮಾರಿನಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಲ್ಯೂಕಾ ತಳ್ಳಿಹಾಕಿದ 67ರ ಸಂಖ್ಯೆಗೆ ಇಪ್ಪತ್ತೊಂದು ಅಂಕಿಗಳಿರುವುದರಿಂದ ಅದನ್ನು ಆಚಾರ್ಯನ ಪದಗಳಲ್ಲಿಯೇ ಪೂರ್ತಿಯಾಗಿ ಓದಬಹುದು. 127ರ ಸಂಖ್ಯೆ ಆ ಮಾಲೆಯನ್ನೂ ಹದಿನೈದು ಸ್ಥಾನ ಮೀರುತ್ತದೆ. ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತ ಬೆಳೆದ ನಮ್ಮ ಸೀಮೆಯ ಮಕ್ಕಳಿಗೆ ಇದನ್ನು ಹೇಳಬೇಕು. ಗಡಿಗಳು ಗೊತ್ತಾಗುವುದಕ್ಕೆ ಬಹಳ ಮೊದಲೇ ಲೆಕ್ಕದ ಪುಸ್ತಕವೊಂದು ಈ ದಾರಿಯಾಗಿ ಹಾದುಹೋಗಿತ್ತು.

ಪಟ್ಟಿಯನ್ನು ತಿದ್ದಿದವರು

ಉಳಿದ ತಪ್ಪುಗಳನ್ನು ತಿದ್ದಿದವರ ಪೈಕಿ ಕೆಲವರ ಹೆಸರುಗಳನ್ನಾದರೂ ಹೇಳಬೇಕು. 61ರ ಸಂಖ್ಯೆಯಾದ 2305843009213693951 ಅವಿಭಾಜ್ಯವೆಂದು 1883ರಲ್ಲಿ ಸ್ಥಾಪಿಸಿದವನು ಇವಾನ್ ಪೆರ್ವುಶಿನ್. ಇವನು ರಷ್ಯದ ಉರಲ್ ಸೀಮೆಯ ಒಂದು ಹಳ್ಳಿಯ ಪಾದ್ರಿ. ವಿಶ್ವವಿದ್ಯಾಲಯಗಳಿಂದ ಬಹುದೂರದಲ್ಲಿದ್ದುಕೊಂಡು, ಫರ್ಮಾನ ಹೆಸರಿನ ಇನ್ನೊಂದು ಬಗೆಯ ಬೃಹತ್ ಸಂಖ್ಯೆಗಳೆರಡಕ್ಕೆ 114689 ಮತ್ತು 167772161 ಎಂಬ ಭಾಜಕಗಳನ್ನೂ ಇವನು ಕಂಡುಹಿಡಿದಿದ್ದನು. ಮೆರ್ಸೆನ್ ಬಿಟ್ಟಿದ್ದ 89 ಮತ್ತು 107ನ್ನು 1911 ಹಾಗೂ 1914ರಲ್ಲಿ ಪಟ್ಟಿಗೆ ಸೇರಿಸಿದವನು ಅಮೆರಿಕದ ಆರ್. ಇ. ಪವರ್ಸ್, ಇವನ ಜೀವನೋಪಾಯ ರೈಲ್ವೆಯ ನೌಕರಿ.

67ರ ಕಥೆ ಎಲ್ಲಕ್ಕಿಂತ ಸ್ವಾರಸ್ಯವಾದುದು. ಅದು ಅವಿಭಾಜ್ಯವಲ್ಲವೆಂದು ಲ್ಯೂಕಾ ಹೇಳಿದ್ದನೇ ಹೊರತು ಭಾಜಕಗಳನ್ನು ಕೊಟ್ಟಿರಲಿಲ್ಲ. ಅವನ ಪರೀಕ್ಷೆ ಅವುಗಳನ್ನು ಕೊಡುವುದೂ ಇಲ್ಲ. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಪರಿಷತ್ತಿನ ಸಭೆ ನಡೆಯಿತು. ಪ್ರಾಧ್ಯಾಪಕ ಎಫ್. ಎನ್. ಕೋಲ್ ತನ್ನ ಸರದಿ ಬಂದಾಗ ಎದ್ದು ಕರಿಹಲಗೆಯ ಬಳಿಗೆ ಹೋದನು. ಒಂದು ಮಾತನ್ನೂ ಆಡದೆ ಎರಡನ್ನು 67ನೆಯ ಘಾತಕ್ಕೇರಿಸಿ ಒಂದನ್ನು ಕಳೆದನು: 147573952589676412927. ಆಮೇಲೆ ಹಲಗೆಯ ಇನ್ನೊಂದು ಭಾಗದಲ್ಲಿ 193707721 ಮತ್ತು 761838257287 ಎಂಬ ಎರಡು ಸಂಖ್ಯೆಗಳನ್ನು ಬರೆದು, ಮಕ್ಕಳು ಮಾಡುವಂತೆ ಸಾಲುಸಾಲಾಗಿ ಗುಣಿಸಿದನು. ಎರಡೂ ಉತ್ತರಗಳು ಒಂದೇ ಆಗಿದ್ದವು. ಅವನು ಸುಮ್ಮನೆ ತನ್ನ ಆಸನಕ್ಕೆ ಮರಳಿದನು; ಸಭಿಕರು ಎದ್ದು ಚಪ್ಪಾಳೆ ತಟ್ಟಿದರು. ಇದನ್ನು ಕಂಡುಹಿಡಿಯಲು ಎಷ್ಟು ಕಾಲ ಹಿಡಿಯಿತೆಂದು ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದನಂತೆ. ಈ ಕಥೆಯನ್ನು ಪ್ರಚುರಪಡಿಸಿದವನು ಗಣಿತಚರಿತ್ರಕಾರ ಇ. ಟಿ. ಬೆಲ್. ಹೇಳಿಕೆಯ ಸೊಗಸಿನಲ್ಲಿ ಅವನ ಕೈವಾಡ ಸ್ವಲ್ಪ ಇದ್ದಿರಬಹುದಾದರೂ, ಹಲಗೆಯ ಮೇಲಿನ ಗುಣಾಕಾರ ಮಾತ್ರ ಯಾರು ಬೇಕಾದರೂ ಇಂದೇ ಮಾಡಿ ನೋಡಬಹುದಾದ ಸತ್ಯ. ಪಟ್ಟಿಯ ಕೊನೆಯದಾದ 257ರ ಸಂಖ್ಯೆಯೂ ಅವಿಭಾಜ್ಯವಲ್ಲವೆಂದು 1922ರಲ್ಲಿ ಕ್ರೈಚಿಕನು ಕಂಡನು. ಆಮೇಲೆ ಲೆಹ್ಮರನೂ ಮೇಜಿನ ಮೇಲಿನ ಲೆಕ್ಕಯಂತ್ರದಿಂದ ಅದನ್ನು ದೃಢಪಡಿಸಿದನು.

ಯಂತ್ರಗಳ ಯುಗ

1951ರಲ್ಲಿ ಫ್ರಾನ್ಸಿನ ಫೆರಿಯೆ ಎಂಬಾತನು ಕೈಯಿಂದ ತಿರುಗಿಸುವ ಬಗೆಯ ಲೆಕ್ಕಯಂತ್ರದ ನೆರವಿನಿಂದ 44 ಅಂಕಿಗಳ ಅವಿಭಾಜ್ಯವೊಂದನ್ನು ಸಾಧಿಸಿದನು. ಎರಡರ 148ನೆಯ ಘಾತಕ್ಕೆ ಒಂದನ್ನು ಕೂಡಿ 17ರಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಲ್ಯೂಕಾನ ಸಂಖ್ಯೆ ಸಿಂಹಾಸನದಿಂದಿಳಿಯಿತು. ಅದೇ ವರ್ಷ ಕೇಂಬ್ರಿಜ್ಜಿನ ವಿದ್ಯುನ್ಮಾನ ಗಣಕದಿಂದ ಮಿಲ್ಲರ್ ಮತ್ತು ವೀಲರ್ 79 ಅಂಕಿಗಳ ಅವಿಭಾಜ್ಯವನ್ನು ಪಡೆದರು. ಅದನ್ನು ಕಟ್ಟಿದ್ದು ಲ್ಯೂಕಾನ ಸಂಖ್ಯೆಯ ಮೇಲೆಯೇ: ಅದರ ವರ್ಗವನ್ನು 180ರಿಂದ ಗುಣಿಸಿ ಒಂದನ್ನು ಕೂಡಿದ್ದರು. 1952ರ ಜನವರಿ 30ರಂದು ರಾಫೆಲ್ ರಾಬಿನ್ಸನ್ ಲಾಸ್ ಏಂಜಲಿಸಿನ ಗಣಕದಲ್ಲಿ ಲ್ಯೂಕಾ ಮತ್ತು ಲೆಹ್ಮರರ ಪರೀಕ್ಷೆಯನ್ನು ನಡೆಸಿ, ಒಂದೇ ದಿನ 521 ಮತ್ತು 607ರ ಸಂಖ್ಯೆಗಳು ಅವಿಭಾಜ್ಯವೆಂದು ಕಂಡನು. ಮೊದಲನೆಯದರಲ್ಲಿ 157, ಎರಡನೆಯದರಲ್ಲಿ 183 ಅಂಕಿಗಳು.

1996ರಿಂದ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಒಂದು ಯೋಜನೆಯಲ್ಲಿ ಲೋಕದ ಸಾಮಾನ್ಯ ಜನರು ತಮ್ಮ ಮನೆಯ ಗಣಕಗಳನ್ನು ಬಿಡುವಿನಲ್ಲಿ ಈ ಹುಡುಕಾಟಕ್ಕೆ ಕೊಡುತ್ತಿದ್ದಾರೆ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ಸಂಖ್ಯೆಯ ಘಾತಾಂಕ 136279841, ಅಂಕಿಗಳು 4,10,24,320. ಪುಟಕ್ಕೆ 2,500 ಅಂಕಿಗಳಂತೆ ಅಚ್ಚು ಹಾಕಿದರೆ ಹದಿನಾರು ಸಾವಿರಕ್ಕೂ ಮಿಕ್ಕ ಪುಟಗಳಾದಾವು. ನಾವು ಈ ಲೇಖನವನ್ನು ಬರೆಯುತ್ತಿರುವಾಗ ನಮಗೆ ತಿಳಿದಿರುವ ಅತಿ ದೊಡ್ಡ ಅವಿಭಾಜ್ಯ ಅದು. ಇನ್ನು, ಯಾವುದೇ ರೂಪದ ಸಂಖ್ಯೆಯಾದರೂ ಅದು ಅವಿಭಾಜ್ಯವೇ ಎಂದು ಮಿತವಾದ ಹೆಜ್ಜೆಗಳಲ್ಲಿ ನಿಶ್ಚಯವಾಗಿ ತಿಳಿಯುವ ಕ್ರಮವೊಂದುಂಟೆಂದು 2002ರಲ್ಲಿ ಮೊದಲು ಸಾಧಿಸಿದವರು ಕಾನ್ಪುರದ ತಂತ್ರಜ್ಞಾನ ಸಂಸ್ಥೆಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬುದನ್ನು ಹೆಮ್ಮೆಯಿಂದ ಸೇರಿಸುತ್ತೇವೆ.

ಬಾರ್ಲೋ ಹೇಳಿದ ನಿರುಪಯೋಗದ ಮಾತೂ ನಿಲ್ಲಲಿಲ್ಲ. ಆಯ್ಲರನ 2147483647 ಇಂದು ಅನೇಕ ಗಣಕಗಳು ಪೂರ್ಣಾಂಕಕ್ಕೆ ಮೀಸಲಿಡುವ 32 ಮನೆಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುವ ಹಳೆಯ ವ್ಯವಸ್ಥೆಗಳು 2038ರ ಜನವರಿ 19ರಂದು ಆ ಎಣಿಕೆಯ ತುದಿ ಮುಟ್ಟುತ್ತವೆ. ಅಷ್ಟರೊಳಗೆ ಅವನ್ನು ಸರಿಪಡಿಸಬೇಕು. ಗುಪ್ತಲಿಪಿಯ ಶಾಸ್ತ್ರದಲ್ಲಿ 521ರ ಸಂಖ್ಯೆಯ ಮೇಲೆ ಕಟ್ಟಿದ ಅಧಿಕೃತ ಮಾನಕವೊಂದಿದೆ. ಲ್ಯೂಕಾನ 127ರ ಸಂಖ್ಯೆಯ ಮೇಲೆ ಕಟ್ಟಿದ ಒಂದು ಕ್ರಮವೂ 2015ರಲ್ಲಿ ಹೊರಬಂದಿತು. ಮಿತಿಮೀರಿದ ಅಂಕಿಗಳನ್ನು ಹಿಂದಕ್ಕೆ ತಂದು ಕೂಡುವ ಸೌಲಭ್ಯಕ್ಕಾಗಿಯೇ ಈ ಸಂಖ್ಯೆಗಳನ್ನು ಅಲ್ಲಿ ಆರಿಸಿಕೊಳ್ಳುತ್ತಾರೆ. ಚದುರಂಗದ ಮಣೆಯ ಮೇಲೆ ಲ್ಯೂಕಾ ಮಾಡಿದ್ದೂ ಅದನ್ನೇ. ಆದರೆ ಅವನು ಇದಕ್ಕಾಗಿ ದುಡಿದವನಲ್ಲ. ಉಪಯೋಗ ಮುಂದೆ ಬಂದಿತೆಂಬ ಕಾರಣದಿಂದ ಮಾತ್ರ ಅವನ ಶ್ರಮ ಸಾರ್ಥಕವಾಯಿತೆಂದು ನಾವು ಹೇಳಲಾರೆವು. ಅವನ ಕಾಲಕ್ಕೂ ಅದು ಸಾರ್ಥಕವೇ ಆಗಿತ್ತು.

ಇನ್ನೂ ತೆರೆಯದ ಬಾಗಿಲುಗಳು ಇವೆ. ಇಂಥ ಅವಿಭಾಜ್ಯಗಳಿಗೆ ಕೊನೆಯುಂಟೋ ಇಲ್ಲವೋ ಯಾರೂ ಸಾಧಿಸಿಲ್ಲ. ಬೆಸವಾದ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಯೂಕ್ಲಿಡನ ಕಾಲದಿಂದಲೂ ಹಾಗೆಯೇ ಉಳಿದಿದೆ. ಎರಡರ ಎರಡನೆಯ ಘಾತದಿಂದ 3, ಮೂರನೆಯ ಘಾತದಿಂದ 7, ಏಳನೆಯ ಘಾತದಿಂದ 127, ನೂರಿಪ್ಪತ್ತೇಳನೆಯ ಘಾತದಿಂದ ಲ್ಯೂಕಾನ ಸಂಖ್ಯೆ, ನಾಲ್ಕೂ ಅವಿಭಾಜ್ಯ. ಲ್ಯೂಕಾನ ಸಂಖ್ಯೆಯನ್ನೇ ಘಾತಾಂಕ ಮಾಡಿಕೊಂಡು ಇನ್ನೊಂದು ಮೆಟ್ಟಿಲು ಏರಿದರೆ ಬರುವುದು ಅವಿಭಾಜ್ಯವೋ? ಅದರ ಅಂಕಿಗಳ ಎಣಿಕೆಯೇ ಮೂವತ್ತೆಂಟು ಅಂಕಿಗಳಷ್ಟು. ಯಾವ ಯಂತ್ರವೂ ಅದನ್ನು ಪರೀಕ್ಷಿಸಲಾರದು.

ಹಿಂದಿನ ಸಾಲಿನ ಆ ಹುಡುಗನಿಗೆ ಈಗ ಮಕ್ಕಳು ಶಾಲೆಗೆ ಹೋಗುವ ವಯಸ್ಸಾಗಿರಬೇಕು. ಅವನು ಎಲ್ಲಿರುವನೋ ನಾವರಿಯೆವು. ಈ ಸಂಚಿಕೆ ಅವನ ಕೈ ಸೇರಿದರೆ ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಇಂದು ನಮ್ಮ ಕನ್ನಡ ಶಾಲೆಗಳಲ್ಲಿ ಪಾಠ ಹೇಳುತ್ತಿರುವ ಕಿರಿಯ ಮಿತ್ರರಲ್ಲಿ ಒಂದು ಬಿನ್ನಹವಿದೆ. 127ರ ಪರೀಕ್ಷೆಗೆ ಐದು ಹೆಜ್ಜೆಗಳು, 2047ರ ಪರೀಕ್ಷೆಗೆ ಎಂಟು. ಎರಡಕ್ಕೂ ಸೇರಿ ಒಂದು ಪೀರಿಯಡ್ ಸಾಕು. ಪರೀಕ್ಷೆಗೆ ಬಾರದ ಆ ಒಂದು ಪೀರಿಯಡನ್ನು ವರ್ಷಕ್ಕೊಮ್ಮೆ ಮಕ್ಕಳಿಗೆ ಕೊಡಿ. ಸೀಮೆಸುಣ್ಣವನ್ನು ಹಿಂದಿನ ಸಾಲಿನವರ ಕೈಗೆ ಕೊಟ್ಟು, ಅವರಿಂದಲೇ ಹಲಗೆಯ ಮೇಲೆ ಮಾಡಿಸಿ.